ರೀಲಿನ ಕ್ಯಾಮರಾದಲ್ಲಿ ನಮ್ಮೂರ ಜನ

ವಿಜಯಪುರದಲ್ಲಿ ಕ್ಯಾಮರಾ ಎತ್ತಿದರೆ ಜನ ಪಕ್ಕಕ್ಕೆ ಸರಿಯುತ್ತಾರೆ. ಗೋಳಗುಮ್ಮಟದ ಮುಂದೆ ಇರಲಿ, ಬಾರಾ ಕಮಾನಿನ ಹತ್ತಿರ ಇರಲಿ, "ತಗೋರಿ, ತಗೋರಿ" ಎನ್ನುತ್ತ ತಲೆ ಬಗ್ಗಿಸಿ ದಾಟಿಬಿಡುತ್ತಾರೆ. ಫೋಟೋ ಬೇಕಾಗಿರುವುದು ಕಟ್ಟಡದ್ದು, ತಮ್ಮದಲ್ಲ ಅಂತ ಅವರಿಗೆ ಖಾತ್ರಿ. ನನಗೆ ಬೇಕಾಗಿದ್ದವರು ಹಾಗೆ ಸರಿದು ಹೋಗುವವರೇ.

ಈ ರೂಢಿ ಬಹಳ ಹಳೆಯದು. 1855ರಲ್ಲಿ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬ ಬ್ರಿಟಿಷ್ ಅಧಿಕಾರಿ ಮುಂಬೈ ಸರ್ಕಾರದ ಪರವಾಗಿ ಇಲ್ಲಿಗೆ ಬಂದು ಫೋಟೋ ತೆಗೆದರು. ಬಾದಾಮಿ, ಐಹೊಳೆಗಳಲ್ಲೂ ತೆಗೆದರು. ಆಗ ನೆಗೆಟಿವ್, ಅಂದರೆ ಕಪ್ಪು ಬಿಳುಪು ತಿರುವುಮುರುವಾಗಿ ಮೂಡುವ ಮೂಲ ಚಿತ್ರ, ಕಾಗದದ್ದು. ಅದಕ್ಕೆ ಬೆಳಕು ತಾಗಲು ತುಂಬ ಹೊತ್ತು ಬೇಕಿತ್ತು. ಅಷ್ಟು ಹೊತ್ತು ಕಲ್ಲು ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ನಡೆದು ಹೋದವರು ಚಿತ್ರದಲ್ಲಿ ಮೂಡುತ್ತಲೇ ಇರಲಿಲ್ಲ. ಈಗ ಅಂಥ ಅಡ್ಡಿ ಏನೂ ಇಲ್ಲ. ಆದರೂ ನಮ್ಮೂರಿನ ಫೋಟೋ ಅಂತ ಹುಡುಕಿದರೆ ಸಿಗುವುದು ಗುಮ್ಮಟ, ಕಮಾನು, ಹಳೆಯ ಫಿರಂಗಿ. ಇಲ್ಲಿ ಬದುಕುವ ಜನರ ಮುಖ ಕಾಣಬೇಕಾದರೆ ಮನೆಮನೆಯ ಮದುವೆ ಆಲ್ಬಮ್ ತೆಗೆಸಬೇಕು. ಇದು ನನಗೆ ನಿಜವಾಗಿ ಬೇಜಾರಿನ ವಿಷಯ.

ನಾನು ಬೆಳೆದದ್ದು ಜುಮ್ಮಾ ಮಸೀದಿಯ ಕಡೆಯ ಒಂದು ಓಣಿಯಲ್ಲಿ. ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದು ವಾಪಸ್ ಬಂದೆ. ಬಂದಾಗ ಕಣ್ಣಿಗೆ ಬಿದ್ದದ್ದು ಟಾಂಗಾಗಳು ಕಡಿಮೆಯಾಗಿದ್ದು. ಚಿಕ್ಕವನಿದ್ದಾಗ ಸ್ಟೇಷನ್‌ನಿಂದ ಮನೆಗೆ ಟಾಂಗಾದಲ್ಲೇ ಬರುತ್ತಿದ್ದೆವು. ಈಗ ಉಳಿದಿರುವ ಕೆಲವೇ ಟಾಂಗಾಗಳು ಹೆಚ್ಚಾಗಿ ಪ್ರವಾಸಿಗರನ್ನು ನಂಬಿಕೊಂಡಿವೆ. ಟಾಂಗಾ ಹೊಡೆಯುವವರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು, ಎಲ್‌ಬಿಎಸ್ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣು ಗುಂಪಿ ಹಾಕಿ ಕೂರುವವರು, ಇವರನ್ನೆಲ್ಲ ಫೋಟೋದಲ್ಲಿ, ಅದೂ ರೀಲ್ ಹಾಕುವ ಫಿಲ್ಮ್ ಕ್ಯಾಮರಾದಲ್ಲಿ, ಉಳಿಸಬೇಕು ಅನ್ನಿಸಿತು.

ಫಿಲ್ಮ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮೊಬೈಲ್ ನನ್ನ ಹತ್ತಿರವೂ ಇದೆ. ಮೊಬೈಲಿನಲ್ಲಿ ತೆಗೆದರೆ ಅಲ್ಲೇ ತೋರಿಸುತ್ತೇವೆ, ಅವರು "ಚಂದ ಬಂದೈತಿ" ಅನ್ನುತ್ತಾರೆ, ಇಬ್ಬರೂ ನಮ್ಮ ನಮ್ಮ ದಾರಿ ಹಿಡಿಯುತ್ತೇವೆ. ಮತ್ತೆ ಅವರ ಮನೆಗೆ ಹೋಗುವ ಕಾರಣವೇ ಉಳಿಯುವುದಿಲ್ಲ. ಫಿಲ್ಮಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ಹಾಗಾಗಿ ಫೋಟೋದ ಕಾಪಿ ತಂದುಕೊಡುತ್ತೇನೆ ಅಂತ ಮಾತು ಕೊಡಬೇಕಾಗುತ್ತದೆ. ಕೊಟ್ಟ ಮೇಲೆ ಕಾಪಿ ಹಿಡಿದುಕೊಂಡು ಹೋಗಲೇಬೇಕು. ಅದರಲ್ಲೂ ಸ್ವಂತ ಊರಿನಲ್ಲಿ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಬೇರೆ ಊರಿನಲ್ಲಿ ಯಾರೋ ಒಬ್ಬ ಬಂದ, ಫೋಟೋ ಹೊಡೆದ, ಹೋದ. ಇಲ್ಲಿ ಮೊದಲ ಪ್ರಶ್ನೆಯೇ "ಯಾರ ಪೈಕಿ ನೀ?" ಅಂತ. ಅಪ್ಪನ ಹೆಸರು, ಓಣಿಯ ಹೆಸರು ಹೇಳಿದ ಕೂಡಲೇ ಮುಖ ಸಡಿಲವಾಗುತ್ತದೆ. ಅದರ ಜೊತೆಗೇ, ಕಾಪಿ ಕೊಡದಿದ್ದರೆ ಎಲ್ಲಿ ಬಂದು ಕೇಳಬೇಕು ಅನ್ನುವುದೂ ಅವರಿಗೆ ಗೊತ್ತಾಗುತ್ತದೆ. ಮಾರ್ಕೆಟ್ಟಿನ ಒಬ್ಬ ಆಯಿ ಸೀದಾ ಹೇಳಿದರು: "ಫೋಟೋ ಕೊಡ್ಲಿಲ್ಲಂದ್ರ ನಿಮ್ಮವ್ವನ ಮುಂದ ಬಂದು ಕುಂದರ್ತೀನಿ ನೋಡ."

ನನ್ನದು ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000. ಇದರ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ತಡೆಯುವ ಪರದೆ, ಪೂರ್ತಿ ಮೆಕ್ಯಾನಿಕಲ್. ಒಳಗಿನ ಬೆಳಕಿನ ಮೀಟರ್‌ಗೆ ಮಾತ್ರ ಎರಡು ಪುಟ್ಟ ಬಟನ್ ಸೆಲ್ ಬೇಕು. ಸೆಲ್ ಸತ್ತರೂ ಫೋಟೋ ನಿಲ್ಲುವುದಿಲ್ಲ. ಹೆಸರಿನಲ್ಲಿರುವ 2000 ಅಂದರೆ ಸೆಕೆಂಡಿನ ಎರಡು ಸಾವಿರ ಭಾಗದಲ್ಲಿ ಒಂದು ಭಾಗದಷ್ಟು (1/2000) ವೇಗದ ಶಟರ್. ನಮ್ಮೂರ ಬಿಸಿಲಿಗೆ ಇದು ಬಹಳ ಕೆಲಸಕ್ಕೆ ಬರುತ್ತದೆ. 400 ವೇಗದ, ಅಂದರೆ ಬೆಳಕಿಗೆ ಬೇಗ ಸ್ಪಂದಿಸುವ ಫಿಲ್ಮ್ ಹಾಕಿ ಮಟಮಟ ಮಧ್ಯಾಹ್ನ ನಿಂತರೆ ಲೆನ್ಸಿನ ಕಂಡಿಯನ್ನು, ಅಂದರೆ ಅಪರ್ಚರನ್ನು, ಎಫ್/16ಕ್ಕೆ ಕಿರಿದು ಮಾಡಿ ಶಟರ್ 1/500 ಇಡಬೇಕು. ಆಗ ಹಿಂದಿನ ಗೋಡೆ, ವೈರು, ಬೋರ್ಡು ಎಲ್ಲ ಮುಖದಷ್ಟೇ ಚೂಪಾಗಿ ಬರುತ್ತವೆ. 1/2000 ಇದ್ದರೆ ಕಂಡಿಯನ್ನು ಎಫ್/8ರಷ್ಟು ಅಗಲ ಮಾಡಬಹುದು. ಮುಖ ಹಿನ್ನೆಲೆಯಿಂದ ಸ್ವಲ್ಪವಾದರೂ ಬಿಟ್ಟುಕೊಳ್ಳುತ್ತದೆ.

ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಮುಖ ತೆಗೆಯಬಾರದು ಅನ್ನುವುದೇ ನನ್ನ ಅಭಿಪ್ರಾಯ. ಹಣೆ ಹೊಳೆಯುತ್ತದೆ, ಕಣ್ಣು ಗುಳಿಯಲ್ಲಿ ಕಪ್ಪಾಗಿ ಮುಳುಗುತ್ತದೆ. ತಲೆಗೆ ರುಮಾಲು ಸುತ್ತಿದವರದ್ದಂತೂ ಅರ್ಧ ಮುಖ ಕಾಣುವುದಿಲ್ಲ. ಹಾಗಾಗಿ ನಾನು ಕಟ್ಟೆ ಹುಡುಕುತ್ತೇನೆ. ಅಂಗಡಿ ಮುಂದಿನ ಕಟ್ಟೆ, ಮೇಲೆ ತಗಡು, ಎದುರಿಗೆ ಬಿಸಿಲು ಬಿದ್ದ ರಸ್ತೆ. ರಸ್ತೆಯಿಂದ ತಿರುಗಿ ಬರುವ ಬೆಳಕು ಮುಖದ ಮೇಲೆ ಮೆತ್ತಗೆ ಬೀಳುತ್ತದೆ. ಗಾಂಧಿ ಚೌಕದ ಸುತ್ತ ಇಂಥ ಕಟ್ಟೆಗಳು ಬೇಕಾದಷ್ಟಿವೆ. ಹಳೆಯ ಕಮಾನುಗಳ ಒಳಗೂ ಇದೇ ಬೆಳಕು ಸಿಗುತ್ತದೆ, ಆದರೆ ಅಲ್ಲಿ ಕಲ್ಲು ಕಪ್ಪು, ಬೆಳಕನ್ನು ಹೆಚ್ಚು ತಿರುಗಿಸುವುದಿಲ್ಲ. ಅಪರ್ಚರ್ ಇನ್ನಷ್ಟು ತೆರೆಯಬೇಕು.

ಮೀಟರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ಯಾಮರಾದ ಮೀಟರ್ ಕಣ್ಣ ಮುಂದಿರುವುದನ್ನೆಲ್ಲ ಸರಾಸರಿ ಬೂದು ಬಣ್ಣ ಅಂತಲೇ ತಿಳಿಯುತ್ತದೆ. ಸುಣ್ಣ ಬಳಿದ ಗೋಡೆ, ಬಿಳಿ ಧೋತರ, ಬಿಳಿ ಟೊಪ್ಪಿಗೆ, ನಡುವೆ ಬಿಸಿಲಲ್ಲಿ ದುಡಿದು ಕಪ್ಪಾದ ಮುಖ. ದೂರದಿಂದ ಮೀಟರ್ ನಂಬಿದರೆ ಬಿಳಿಯೆಲ್ಲ ಬೂದಾಗಿ, ಮುಖ ಮಸಿಯಾಗಿ ಬರುತ್ತದೆ. ಅದಕ್ಕೆ ಹತ್ತಿರ ಹೋಗಿ ಮುಖದ ಮೇಲಿನ ಬೆಳಕನ್ನಷ್ಟೇ ನೋಡಿಕೊಂಡು, ಆ ಅಳತೆ ಇಟ್ಟುಕೊಂಡು ಹಿಂದೆ ಸರಿಯುತ್ತೇನೆ. ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಜಾಸ್ತಿಯಾದರೆ ತಡೆದುಕೊಳ್ಳುತ್ತದೆ. ಕಡಿಮೆಯಾದರೆ ಆ ಜಾಗದಲ್ಲಿ ಏನೂ ದಾಖಲಾಗಿರುವುದೇ ಇಲ್ಲ. ಆಮೇಲೆ ಯಾವ ಕಂಪ್ಯೂಟರಿನಲ್ಲೂ ಅದನ್ನು ತರಲು ಆಗುವುದಿಲ್ಲ.

ಇದನ್ನೆಲ್ಲ ನನಗೆ ತಿದ್ದಿ ಕಲಿಸಿದವರು ಹಳೆಯ ಸ್ಟುಡಿಯೋ ನಡೆಸಿದ್ದ ಒಬ್ಬ ಕಾಕಾ. ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ಅವರ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೋಲ್ ಸಿಗುತ್ತಿತ್ತು. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ ಅದು. ಈಗ ಮುಚ್ಚಿದೆ. ಈಗ ನಾನು ಬಳಸುವ ಕಪ್ಪು ಬಿಳುಪು ಫಿಲ್ಮ್ ಇಂಗ್ಲೆಂಡಿನ ಇಲ್‌ಫೋರ್ಡ್ ಎಚ್‌ಪಿ5. ಒಂದು ರೋಲ್ ಬೆಲೆ ಸಾವಿರ ರೂಪಾಯಿಯ ಆಸುಪಾಸು. ಅದಕ್ಕೇ ನೂರು ಅಡಿಯ ಟಿನ್ ತರಿಸಿ, ಹಳೆಯ ಡಬ್ಬಿಗಳಿಗೆ ನಾನೇ ಸುತ್ತಿಕೊಳ್ಳುತ್ತೇನೆ. ಒಂದು ಟಿನ್‌ನಲ್ಲಿ 36 ಫ್ರೇಮಿನ ಸುಮಾರು 18 ರೋಲ್ ಆಗುತ್ತವೆ. ಬೇಸಿಗೆಯಲ್ಲಿ ಟಿನ್ ಫ್ರಿಜ್‌ನಲ್ಲೇ ಇರಬೇಕು. ಹೊರಗೆ ತೆಗೆದ ಮೇಲೆ ಕೂಡಲೇ ಬಿಚ್ಚಬಾರದು, ತಂಪು ಆರುವವರೆಗೆ ಬಿಡಬೇಕು. ಇಲ್ಲದಿದ್ದರೆ ಫಿಲ್ಮಿನ ಮೇಲೆ ನೀರಿನ ಪಸೆ ಕೂರುತ್ತದೆ.

ಕಾಕಾ ಹೇಳಿದ ಇನ್ನೊಂದು ಮಾತು ನನ್ನ ಕೆಲಸವನ್ನೇ ಬದಲಿಸಿತು. "ಮಂದಿ ನಿಂತ ಮ್ಯಾಲೆ ಕ್ಯಾಮರಾ ತಿರುವಬ್ಯಾಡ. ಎಲ್ಲಾ ತಯಾರ ಮಾಡ್ಕೊಂಡು ಆಮ್ಯಾಲೆ ಕೇಳು." ಅಂದಿನಿಂದ ನಾನು ಮೊದಲು ಬೆಳಕು ಅಳೆದು, ಶಟರ್ ಇಟ್ಟು, ನಂತರ ಹತ್ತಿರ ಹೋಗಿ ಮಾತಾಡಿಸುತ್ತೇನೆ. ಒಪ್ಪಿದ ಮೇಲೆ ಫೋಕಸ್ ಒಂದೇ ಬಾಕಿ ಇರುತ್ತದೆ. ಒಬ್ಬರಿಗೆ ಎರಡು ಫ್ರೇಮ್. ಮೊದಲನೆಯದರಲ್ಲಿ ಅವರು ಸೆಟೆದು ನಿಂತಿರುತ್ತಾರೆ, ಎರಡನೆಯದರಲ್ಲಿ ಉಸಿರು ಬಿಟ್ಟಿರುತ್ತಾರೆ. ಯಾವುದು ಚೆಂದ ಅನ್ನುವುದು ಬೇರೆ ಮಾತು. ನನಗೆ ಆ ಸೆಟೆದು ನಿಂತ ಫೋಟೋಗಳೇ ಈಚೆಗೆ ಜಾಸ್ತಿ ಇಷ್ಟವಾಗುತ್ತಿವೆ. ಅವರು ತಮ್ಮನ್ನು ಹೇಗೆ ತೋರಿಸಿಕೊಳ್ಳಬೇಕು ಅಂದುಕೊಂಡಿದ್ದಾರೋ ಹಾಗೆ ನಿಂತಿರುತ್ತಾರೆ. ಅದನ್ನು ಕೆಡಿಸಿ, "ಸುಮ್ನೆ ನಿಮ್ಮ ಕೆಲಸ ಮಾಡ್ರಿ, ನನ್ನ ಕಡೆ ನೋಡಬ್ಯಾಡ್ರಿ" ಅನ್ನುವುದು ಯಾಕೋ ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಬೇಡಿಕೆ ಎಲ್ಲರದ್ದೂ ಒಂದೇ: "ಕಾಲು ಬರ್ಲಿ." ಎದೆಮಟ್ಟಕ್ಕೆ ತೆಗೆದರೆ ಅದು ಆಧಾರ್ ಕಾರ್ಡಿನ ಫೋಟೋ. ನಿಜವಾದ ಫೋಟೋದಲ್ಲಿ ಚಪ್ಪಲಿಯವರೆಗೆ ಇಡೀ ಮನುಷ್ಯ ಇರಬೇಕು. ಟಾಂಗಾದ ಮುತ್ಯಾ ಇನ್ನೂ ಮುಂದೆ ಹೋದರು. ತಮ್ಮ ಕಾಲಷ್ಟೇ ಅಲ್ಲ, ಕುದುರೆಯ ನಾಲ್ಕೂ ಕಾಲು ಬರಬೇಕು ಅಂದರು. ಅದಕ್ಕೆ ನಾನು ರಸ್ತೆಯ ಆಚೆ ಬದಿಗೆ ಹೋಗಬೇಕಾಯಿತು. ನಡುವೆ ಆಟೋ, ಬೈಕು ಬರುತ್ತಲೇ ಇದ್ದವು. ಮುತ್ಯಾ ಕೈ ಅಡ್ಡ ಹಿಡಿದು ಒಂದು ಆಟೋ ನಿಲ್ಲಿಸಿದರು. "ತಡೀಪಾ, ಹುಡುಗ ಫೋಟೋ ತಗೀತಾನ." ಆಟೋದವನು ನಿಂತ. ಆ ಫೋಟೋದ ಅಂಚಿನಲ್ಲಿ ಆಟೋದ ಮುಂದಿನ ಗಾಲಿ ಬಂದಿದೆ. ಕತ್ತರಿಸಿ ತೆಗೆಯಬಹುದಿತ್ತು, ನಾನು ಹಾಗೇ ಬಿಟ್ಟಿದ್ದೇನೆ.

ತೆಗೆದ ಕೂಡಲೇ ಎಲ್ಲರೂ ಕೈ ಚಾಚುತ್ತಾರೆ. "ಎಲ್ಲಿ, ತೋರ್ಸು?"

"ಇದರಾಗ ಕಾಣಂಗಿಲ್ರೀ. ರೀಲ್ ಐತಿ. ತೊಳೆದ ಮ್ಯಾಲೆ ಬರ್ತೈತಿ."

ನಲವತ್ತು ದಾಟಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. "ಅಂದ್ರ ಇನ್ನೂ ರೀಲ್ ಸಿಗ್ತಾವೇನ?" ಅಂತ ಶುರು ಮಾಡಿ ಮದುವೆಯಲ್ಲಿ ರೀಲ್ ಮುಗಿದು ಹೋದದ್ದು, ತಂಗಿಯ ಫೋಟೋ ಅರ್ಧ ಬೆಳಕು ತಿಂದದ್ದು, ಎಲ್ಲ ಹೇಳುತ್ತಾರೆ. ಸಣ್ಣ ಹುಡುಗರು ಮಾತ್ರ ಕ್ಯಾಮರಾದ ಹಿಂಬದಿಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಾರೆ. ಎಷ್ಟೋ ಸಲ ಆ ಮಾತಿನ ನಡುವೆಯೇ ನನಗೆ ಎರಡನೇ ಫ್ರೇಮ್ ಸಿಕ್ಕಿದೆ.

ಬೇಡ ಅಂದವರೂ ಇದ್ದಾರೆ. ಬೇಡ ಅಂದರೆ ಬೇಡ. ಹೆಣ್ಣುಮಕ್ಕಳನ್ನು ಕೇಳುವಾಗ ಪಕ್ಕದಲ್ಲಿ ಮನೆಯವರು ಯಾರಾದರೂ ಇರುವಾಗ ಕೇಳುತ್ತೇನೆ. ಗಂಡಸರು ಪರವಾನಗಿ ಕೊಡಲಿ ಅಂತ ಅಲ್ಲ, ಆಮೇಲೆ ಅವರಿಗೆ ಮನೆಯಲ್ಲಿ ಮಾತು ಬರಬಾರದು ಅಂತ. ದೂರದಿಂದ ಉದ್ದ ಲೆನ್ಸ್ ಹಾಕಿ ಕದ್ದು ತೆಗೆಯುವುದನ್ನು ನಾನು ಮಾಡುವುದಿಲ್ಲ. ನನ್ನ ಹತ್ತಿರ ಇರುವುದು 50 ಎಂಎಂ ಲೆನ್ಸ್ ಒಂದೇ. ಅದರಲ್ಲಿ ಮುಖ ತುಂಬಬೇಕಾದರೆ ಮಾತು ಕೇಳಿಸುವಷ್ಟು ಹತ್ತಿರ ನಿಲ್ಲಲೇಬೇಕು.

ಕಷ್ಟದ ಬೆಳಕು ಅಂದರೆ ಖಾನಾವಳಿಯ ಒಲೆಮನೆ. ಒಂದೇ ಬಾಗಿಲು, ಒಳಗೆ ಹೊಗೆ. ಅಲ್ಲಿ ಎಫ್/2, 1/30. ರೊಟ್ಟಿ ಬಡಿಯುವ ಅಕ್ಕಾರು ನನಗಾಗಿ ಕೈ ನಿಲ್ಲಿಸಲು ತಯಾರಿರಲಿಲ್ಲ. "ಹಂಚು ಕಾದೈತಿ, ನಿಂದ್ರಾಕಾಗೂದಿಲ್ಲ" ಅಂದರು. ಮುಖದ ಮೇಲೆ ಫೋಕಸ್ ಇಟ್ಟು, ಉಸಿರು ಬಿಗಿ ಹಿಡಿದು ಒತ್ತಿದೆ. ಮುಖ ಚೂಪಾಗಿ ಬಂತು, ಎರಡೂ ಕೈ ಹೊಗೆಯ ಹಾಗೆ ಕದಡಿ ಬಂದವು. ಜೋಳದ ರೊಟ್ಟಿ ಬಡಿಯುವ ವೇಗ ಆ ಫೋಟೋದಲ್ಲಿ ಇದೆ. 1/250ರಲ್ಲಿ ತೆಗೆದಿದ್ದರೆ ಅದು ಸಿಗುತ್ತಿರಲಿಲ್ಲ.

ಇನ್ನು ತೊಳೆಯುವ ಕೆಲಸ. ಇಲ್ಲಿ ಡೆವಲಪ್ ಮಾಡುವುದಕ್ಕೆ ರೋಲ್ ತೊಳೆಯುವುದು ಅಂತಲೇ ಅನ್ನುತ್ತಾರೆ. ಮೊದಲು ಬೇರೆ ಊರಿನ ಒಂದು ಲ್ಯಾಬಿಗೆ ಕೊರಿಯರ್ ಮಾಡುತ್ತಿದ್ದೆ. ಒಂದು ರೋಲ್ ಉದ್ದಕ್ಕೂ ಗೀರು ಬಿದ್ದು ವಾಪಸ್ ಬಂತು. ಜನರಿಗೆ ಮಾತು ಕೊಟ್ಟಿರುವಾಗ ಬೇರೆಯವರ ಕೈ ನಂಬುವುದು ಬೇಡ ಅನ್ನಿಸಿ ಮನೆಯಲ್ಲೇ ಶುರು ಮಾಡಿದೆ. ಡಾರ್ಕ್‌ರೂಮ್ ಬೇಕಾಗಿಲ್ಲ. ಎರಡು ತೋಳಿರುವ ಕಪ್ಪು ಚೀಲದೊಳಗೆ ಕೈ ಹಾಕಿ ಫಿಲ್ಮನ್ನು ಸುರುಳಿಗೆ ಏರಿಸಿ, ಬೆಳಕು ಹೋಗದ ಟ್ಯಾಂಕಿನಲ್ಲಿ ಮುಚ್ಚಿದರೆ ಮುಂದಿನದೆಲ್ಲ ಬೆಳಕಿನಲ್ಲೇ. ಆದರೆ ನಮ್ಮೂರ ಮೇ ತಿಂಗಳಲ್ಲಿ ಚೀಲದೊಳಗೆ ಕೈ ಬೆವರುತ್ತದೆ. ಬೆವರಿದ ಕೈಗೆ ಫಿಲ್ಮ್ ಅಂಟುತ್ತದೆ, ಪ್ಲಾಸ್ಟಿಕ್ ಸುರುಳಿಯಲ್ಲಿ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಈ ಕೆಲಸ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳುತ್ತೇನೆ.

ಚಿತ್ರ ಮೂಡಿಸುವ ಡೆವಲಪರ್ ಡಿ-76. ಮೆಟಾಲ್, ಹೈಡ್ರೋಕ್ವಿನೋನ್, ಸೋಡಿಯಂ ಸಲ್ಫೈಟ್, ಬೊರಾಕ್ಸ್ ಸೇರಿದ ಪುಡಿ. ನೀರು ಬೆರೆಸದೆ ಬಳಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಬಿಸಿ ಏರಿದಂತೆ ಹೊತ್ತು ಕಡಿಮೆಯಾಗುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ಆಕಾಶ, ಗೋಡೆಯಂಥ ಜಾಗದಲ್ಲಿ ಪಟ್ಟೆ ಪಟ್ಟೆ ಬೀಳುವ ಭಯ. ಬೇಸಿಗೆಯಲ್ಲಿ ನಮ್ಮ ಟ್ಯಾಂಕಿನ ನೀರು ಬೆಳಿಗ್ಗೆಯೂ 30ರ ಮೇಲೆ ಇರುತ್ತದೆ. ಹಾಗಾಗಿ ಎರಡು ಉಪಾಯ. ಡೆವಲಪರ್‌ಗೆ ಸಮಪಾಲು ನೀರು ಬೆರೆಸುತ್ತೇನೆ, ಆಗ 20 ಡಿಗ್ರಿಗೆ 11 ನಿಮಿಷ ಆಗುತ್ತದೆ. ಬಾಟಲಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿಟ್ಟು 24 ಡಿಗ್ರಿಗೆ ಇಳಿಸುತ್ತೇನೆ. ಅಲ್ಲಿಗೆ ಏಳೂವರೆ ನಿಮಿಷದ ಹತ್ತಿರ ಬಂದು ನಿಲ್ಲುತ್ತದೆ. 20ರವರೆಗೆ ಎಳೆಯಲು ಹೋಗುವುದಿಲ್ಲ. ತೊಳೆಯುವ ನೀರನ್ನೂ ಅಷ್ಟೇ ತಂಪು ಮಾಡಬೇಕಾಗುತ್ತದೆ, ಅಷ್ಟು ಐಸ್ ಎಲ್ಲಿಂದ ತರುವುದು?

ಆಮೇಲೆ ಮೂಡಿದ ಚಿತ್ರ ಬೆಳಕಿಗೆ ಕೆಡದಂತೆ ಉಳಿಸುವ ಫಿಕ್ಸರ್. ಕಾಕಾ ಅದಕ್ಕೆ ಇವತ್ತಿಗೂ ಹೈಪೋ ಅನ್ನುತ್ತಾರೆ. ಕೊನೆಗೆ ನೀರಿನಲ್ಲಿ ತೊಳೆಯುವುದು. ಹಳೆಯ ಸ್ಟುಡಿಯೋಗಳಲ್ಲಿ ನಳದ ಕೆಳಗೆ ಅರ್ಧ ಗಂಟೆ ಬಿಡುತ್ತಿದ್ದರಂತೆ. ನಮ್ಮ ಓಣಿಯಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ಇಲ್‌ಫೋರ್ಡ್‌ನವರೇ ಹೇಳಿದ ಒಂದು ವಿಧಾನವಿದೆ: ಟ್ಯಾಂಕ್ ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಬೇಕು, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ. ಮೂರು ಟ್ಯಾಂಕ್ ನೀರಿನಲ್ಲಿ ಕೆಲಸ ಮುಗಿಯುತ್ತದೆ. ನೀರಿನ ಬೆಲೆ ಗೊತ್ತಿರುವ ಊರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬೋರಿನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ಕೊನೆಯ ಮುಳುಗು ಮಾತ್ರ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ.

ಬಚ್ಚಲಮನೆಯಲ್ಲಿ ಕ್ಲಿಪ್ಪಿಗೆ ನೇತುಹಾಕಿದ ಫಿಲ್ಮನ್ನು ಅವ್ವ ಬಂದು ನೋಡುತ್ತಾಳೆ. ನೆಗೆಟಿವ್‌ನಲ್ಲೇ ಜನರನ್ನು ಗುರುತು ಹಿಡಿಯುತ್ತಾಳೆ. "ಇವ್ರು ನಿಂಬಿಕಾಯಿ ಆಯಿ ಅಲ್ಲೇನು?" ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ ಕಾಣುವಾಗಲೂ ಹೇಗೆ ಗುರುತು ಸಿಗುತ್ತದೋ!

ಆ ಆಯಿಗೆ ಕಾಪಿ ಕೊಟ್ಟಾಗ ಅವರು ಖುಷಿಪಡಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕ ಬಣ್ಣ ಯಾಕಿಲ್ಲ?" ಅಂದರು. ಅವರು ಉಟ್ಟಿದ್ದದ್ದು ಇಳಕಲ್ಲ ಸೀರೆ. ಹಸಿರು ಒಡಲು, ಕೆಂಪು ಸೆರಗು. ಕಪ್ಪು ಬಿಳುಪಿನಲ್ಲಿ ಆ ಹಸಿರೂ ಕೆಂಪೂ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದವು. ಸೆರಗು ಎಲ್ಲಿ ಶುರುವಾಗುತ್ತದೆ ಅನ್ನುವುದೇ ಕಾಣುತ್ತಿರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಇಳಕಲ್ಲ ಸೀರೆಗೆ ಬಣ್ಣವೇ ಪ್ರಾಣ, ಅಲ್ವಾ? ಅವರಿಗಾಗಿ ಕೊಡಾಕ್ ಗೋಲ್ಡ್ 200 ರೋಲ್ ತಂದು ಮತ್ತೆ ತೆಗೆದೆ. ಬಣ್ಣದ ಫಿಲ್ಮ್ ತೊಳೆಯಲು ಡೆವಲಪರ್ 38 ಡಿಗ್ರಿ ಇರಬೇಕು. ತಂಪು ದೇಶದವರು ನೀರು ಕಾಯಿಸುತ್ತಾ ಕೂರಬೇಕು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರಿಗೆ ಒಂದು ಚೆಂಬು ಬಿಸಿನೀರು ಸೇರಿಸಿದರೆ ಸಾಕು. ಈಗ ಬೇಸಿಗೆಯನ್ನು ಬಣ್ಣಕ್ಕೆ, ಚಳಿಗಾಲವನ್ನು ಕಪ್ಪು ಬಿಳುಪಿಗೆ ಅಂತ ಹಂಚಿಕೊಂಡಿದ್ದೇನೆ.

ಸ್ಕ್ಯಾನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನೆಗೆಟಿವ್ ಹಿಂದೆ ಬೆಳಕಿಟ್ಟು ಡಿಜಿಟಲ್ ಕ್ಯಾಮರಾದಿಂದ ತೆಗೆದು, ಕಂಪ್ಯೂಟರಿನಲ್ಲಿ ಬೆಳಕು ನೆರಳನ್ನು ಅದಲುಬದಲು ಮಾಡುತ್ತೇನೆ. ಆದರೆ ಕಾಪಿ ಹಾಕಿಸುವ ಜಾಗದಲ್ಲಿ ಜಗಳವೇ ಆಯಿತು. ಒಂದು ಲ್ಯಾಬಿನಲ್ಲಿ ಐದು ಬೈ ಏಳು ಸೈಜಿನ ಕಾಪಿಗಳು ಬಂದಾಗ ಎಲ್ಲರ ಮುಖವೂ ಬೆಳ್ಳಗಾಗಿತ್ತು. ಮುಖದ ಸುಕ್ಕು ಮಾಯ, ಚರ್ಮ ನುಣುಪು. ಕೇಳಿದರೆ, "ಎಲ್ಲಾರಿಗೂ ಹಿಂಗ ಮಾಡ್ತೀವ್ರೀ, ಮಂದಿಗೆ ಬೆಳ್ಳಗ ಬೇಕು" ಅಂದರು. ನನಗೆ ಸಿಟ್ಟು ಬಂತು. ಹೊಲದಲ್ಲಿ, ಬೀದಿಯಲ್ಲಿ ಅರವತ್ತು ವರ್ಷ ಬಿಸಿಲು ಕುಡಿದ ಮುಖ ಅದು. ಆ ಕಪ್ಪನ್ನು ಸರಿಯಾಗಿ ಹಿಡಿಯಲು ಅಂತಲೇ ನಾನು ಮೀಟರ್ ಹಿಡಿದು ಮುಖದ ಹತ್ತಿರ ಹೋಗಿದ್ದು. ಅಷ್ಟೂ ಕಾಪಿ ವಾಪಸ್ ಕೊಟ್ಟೆ. ಈಗ ಬೇರೆ ಕಡೆ ಹಾಕಿಸುತ್ತೇನೆ. ಪ್ರತಿ ಸಲ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಡುತ್ತೇನೆ: ಕರೆಕ್ಷನ್ ಬೇಡ. ಹಣ ಎಣಿಸುವ ಮೊದಲು ಒಂದೊಂದೇ ಕಾಪಿ ನೋಡುತ್ತೇನೆ.

ಕಾಪಿ ಕೊಡಲು ಹೋಗುವುದಕ್ಕೆ ತೆಗೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಟೇಲರ್ ಚಾಚಾ ಫೋಟೋ ನೋಡಿ ಏನೂ ಹೇಳದೆ, ಅಂಗಡಿಯ ಗೋಡೆಗೆ ಗುಂಡುಪಿನ್ ಚುಚ್ಚಿ ಅಲ್ಲೇ ಹಾಕಿದರು. ಚಹಾ ತರಿಸಿದರು. ಆಮೇಲೆ ಬಂದ ಗಿರಾಕಿಗಳಿಗೆಲ್ಲ, "ಇದು ರೀಲಿಂದು, ಮೊಬೈಲಿಂದಲ್ಲ" ಅಂತ ಹೇಳುತ್ತಾ ಹೋದರು. ಅವರ ಅಂಗಡಿಯಲ್ಲಿ ಕೂತಷ್ಟು ಹೊತ್ತಿನಲ್ಲಿ ಮತ್ತೆ ಇಬ್ಬರು, ಮೂವರು "ನಮ್ದೂ ತಗೀತೀಯೇನ?" ಅಂದರು. ಹೀಗೆ ಒಂದು ಕಾಪಿ ಮುಂದಿನ ಬಾಗಿಲು ತೆರೆಯುತ್ತದೆ. ಈಗ ಆ ಓಣಿಯಲ್ಲಿ ಕ್ಯಾಮರಾ ಎತ್ತಿದರೆ ಯಾರೂ ಪಕ್ಕಕ್ಕೆ ಸರಿಯುವುದಿಲ್ಲ. ಟೊಪ್ಪಿಗೆ ಸರಿ ಮಾಡಿಕೊಂಡು ಬಂದು ನಿಲ್ಲುತ್ತಾರೆ.

ಲೆಕ್ಕಕ್ಕೆ ಅಂತ ಒಂದು ಉದ್ದ ರಿಜಿಸ್ಟರ್ ಇಟ್ಟಿದ್ದೇನೆ. ರೋಲ್ ನಂಬರ್, ಫ್ರೇಮ್ ನಂಬರ್, ಓಣಿ, ಏನು ಕೆಲಸ, ಕೊನೆಯ ಕಾಲಮ್ಮಿನಲ್ಲಿ "ಕೊಟ್ಟಿದೆ" ಅಥವಾ "ಕೊಡಬೇಕು". ನೆಗೆಟಿವ್‌ಗಳನ್ನು ಆರು ಆರು ಫ್ರೇಮಿನಂತೆ ಕತ್ತರಿಸಿ ಕವರಿಗೆ ಹಾಕಿ, ಕವರಿನ ಮೇಲೂ ಅದೇ ನಂಬರ್ ಬರೆಯುತ್ತೇನೆ. ಕೊಡಬೇಕಾದದ್ದು ಬಾಕಿ ಇರುವಾಗ ಅದೇ ಓಣಿಯಲ್ಲಿ ಹೊಸದಾಗಿ ತೆಗೆಯುವುದಿಲ್ಲ ಅನ್ನುವ ನೇಮ ಮಾಡಿಕೊಂಡಿದ್ದೇನೆ.

ಸದ್ಯ ಬಾಕಿ ಇರುವುದರಲ್ಲಿ ದೊಡ್ಡದು ಟಾಂಗಾ ಮುತ್ಯಾನದು. ಕುದುರೆಯ ನಾಲ್ಕೂ ಕಾಲು ಬಂದಿವೆ. ಅವರಿಗೆ ಎಂಟು ಬೈ ಹತ್ತು ಸೈಜಿನಲ್ಲಿ ಹಾಕಿಸಿದ್ದೇನೆ, ಈ ವಾರ ಕೊಡಬೇಕು. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ. ದನಗಳ ಜೊತೆ ಬಂದು ಬಯಲಲ್ಲೇ ಒಲೆ ಹೂಡಿ ಉಳಿಯುವ ರೈತರನ್ನು ತೆಗೆಯಬೇಕು ಅಂತ ಇದ್ದೇನೆ. ಅವರು ಬೇರೆ ಬೇರೆ ಊರಿನವರು, ಕಾಪಿ ಮುಟ್ಟಿಸುವುದು ಹೇಗೆ ಅನ್ನುವುದೇ ಚಿಂತೆ. ಅಲ್ಲೇ ಹತ್ತಿರ ಯಾರದ್ದಾದರೂ ಮನೆಯಲ್ಲಿ ಒಂದು ಬಚ್ಚಲು ಕೇಳಿಕೊಂಡು, ರಾತ್ರಿಯೇ ತೊಳೆದು, ಮರುದಿನ ಕಾಪಿ ಹಾಕಿಸಿ, ಜಾತ್ರೆ ಮುಗಿಯುವುದರೊಳಗೆ ಕೈಗೆ ಕೊಡಬಹುದೇನೋ ನೋಡಬೇಕು. ಚಳಿಗಾಲ, ನೀರು ತಂಪಾಗಿರುತ್ತದೆ. ಐಸ್ ಬೇಕಾಗುವುದಿಲ್ಲ.